ಮೌಂಟನ್ ಆಶ್ ಬೆಳೆಸುವಾಗ ಕಣ್ಣು ಬುಡದ ಮೇಲಿರಲಿ

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಮೌಂಟನ್ ಆಶ್ ನಿಜವಾದ ಆಶ್ ಮರವಲ್ಲ. ಆಶ್ ಫ್ರಾಕ್ಸಿನಸ್ ಕುಲದ್ದು. ಇದು ಸೋರ್ಬಸ್, ಗುಲಾಬಿ ಕುಟುಂಬದ್ದು, ಸೇಬು, ಪೇರ್‌ಗಳ ನೆಂಟ. ಎರಡರ ಎಲೆಯೂ ಗರಿಯಂತೆ ಇರುವುದರಿಂದ ಹೆಸರು ಅಂಟಿಕೊಂಡಿದೆ. ರೆಂಬೆ ಹಿಡಿದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಆಶ್‌ನಲ್ಲಿ ಎಲೆಗಳು ಎದುರುಬದುರು, ಇದರಲ್ಲಿ ಒಂದು ಬಿಟ್ಟು ಒಂದು. ಸೇಬಿನ ನೆಂಟಸ್ತನ ಮರೆಯಬೇಡಿ. ಸೇಬನ್ನು ಕಾಡುವ ಹುಳು, ರೋಗ ಹಲವು ಇದನ್ನೂ ಕಾಡುತ್ತವೆ.

ತೋಟಗಳಲ್ಲಿ ಹೆಚ್ಚಾಗಿ ಕಾಣುವುದು ಯುರೋಪಿನ ಸೋರ್ಬಸ್ ಆಕ್ಯುಪೇರಿಯಾ. 6ರಿಂದ 12 ಮೀಟರ್ ಎತ್ತರ ಬೆಳೆಯುತ್ತದೆ. ಕಡುಚಳಿ ಇದಕ್ಕೆ ಲೆಕ್ಕವಿಲ್ಲ, ಆಗದಿರುವುದು ಬೇಸಿಗೆಯ ಧಗೆ. ಬಿಸಿಲು ಬೇಕು, ಆದರೆ ಬೇರು ತಂಪಾಗಿರಬೇಕು. ಕಾದ ಗೋಡೆಯ ಪಕ್ಕ, ಕಾಂಕ್ರೀಟ್ ಅಂಗಳದ ನಡುವೆ ನೆಟ್ಟರೆ ಸೊರಗುತ್ತದೆ, ಸೊರಗಿದ ಮರಕ್ಕೇ ಹುಳು ಬೀಳುವುದು. ಮಣ್ಣು ತುಸು ಆಮ್ಲೀಯವಾಗಿದ್ದು ನೀರು ಬಸಿಯಬೇಕು. 30 ಸೆಂ.ಮೀ. ಗುಂಡಿ ತೋಡಿ ನೀರು ತುಂಬಿಸಿ. ಮರುದಿನವೂ ನಿಂತಿದ್ದರೆ ಜಾಗ ಬದಲಿಸಿ.

ನೆಡುವ ಗುಂಡಿ ಬೇರುಗಡ್ಡೆಯಷ್ಟೇ ಆಳ, ಅದರ ಎರಡು ಮೂರು ಪಟ್ಟು ಅಗಲ ಇರಲಿ. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಭಾಗ ನೆಲದ ಮೇಲೆ ಕಾಣಲೇಬೇಕು. ಕುಂಡದ ಸಸಿಗಳಲ್ಲಿ ಅದು ಎಷ್ಟೋ ಸಲ ಮಣ್ಣಿನೊಳಗೆ ಹುದುಗಿರುತ್ತದೆ, ಕೆದಕಿ ಹುಡುಕಿ. ಸುತ್ತಿಕೊಂಡ ಬೇರುಗಳನ್ನು ಬಿಡಿಸಿ, ಬಿಡಿಸಲಾಗದ್ದನ್ನು ಕತ್ತರಿಸಿ. ಮೇಲೆ 5ರಿಂದ 8 ಸೆಂ.ಮೀ. ಮರದ ಚಕ್ಕೆಯ ಹೊದಿಕೆ ಹಾಕಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ತೊಗಟೆಗೆ ಒತ್ತಿ ಗುಡ್ಡೆ ಹಾಕಿದರೆ ತೇವಕ್ಕೆ ಕೊಳೆಯುತ್ತದೆ. ಮೊದಲೆರಡು ವರ್ಷ ಮಳೆಯಿಲ್ಲದ ವಾರ ಆಳಕ್ಕೆ ನೀರು ಇಳಿಸಬೇಕು.

ಈ ಮರ ಸಾಯುವುದು ಹೆಚ್ಚಾಗಿ ತೊಗಟೆಯ ಗಾಯದಿಂದ. ಚಳಿಗಾಲದ ಮಧ್ಯಾಹ್ನದ ಬಿಸಿಲಿಗೆ ಎಳೆಯ, ತೆಳು ತೊಗಟೆ ಬೆಚ್ಚಗಾಗಿ ಒಳಗಿನ ಜೀವಕೋಶಗಳು ಎಚ್ಚರಗೊಳ್ಳುತ್ತವೆ. ಸಂಜೆ ಹಠಾತ್ತನೆ ಹೆಪ್ಪುಗಟ್ಟಿ ಸಾಯುತ್ತವೆ. ಉತ್ತರ ಗೋಳಾರ್ಧದಲ್ಲಿ ನೈಋತ್ಯ ಮಗ್ಗುಲೇ ಸೀಳುವುದು ಇದಕ್ಕೆ. ಶರತ್ಕಾಲದ ಕೊನೆಗೆ ತಿಳಿಬಣ್ಣದ ಪಟ್ಟಿ ಸುತ್ತಿ, ವಸಂತದಲ್ಲಿ ತಪ್ಪದೆ ಬಿಚ್ಚಿ. ಹಾಗೇ ಬಿಟ್ಟರೆ ಪಟ್ಟಿಯೊಳಗೆ ಹುಳು ಮನೆ ಮಾಡುತ್ತದೆ.

ಸೇಬಿನ ಕಾಂಡ ಕೊರಕ ಬೇಸಿಗೆಯಲ್ಲಿ ಬುಡದ ತೊಗಟೆಯಲ್ಲಿ ಮೊಟ್ಟೆಯಿಡುತ್ತದೆ. ಮರಿ ಎರಡು ಮೂರು ವರ್ಷ ಒಳಗೇ ಕೊರೆಯುತ್ತದೆ. ಬುಡದಲ್ಲಿ ಕಂದು ಮರದಪುಡಿ ಉದುರಿದ್ದರೆ ಅದೇ ಗುರುತು. ರಂಧ್ರದೊಳಗೆ ತೆಳು ತಂತಿ ತೂರಿಸಿ ಹುಳುವನ್ನು ಚುಚ್ಚಿ ಕೊಲ್ಲಬಹುದು. ಬುಡದ ಸುತ್ತ ಹುಲ್ಲು ಬೆಳೆಯಲು ಬಿಡಬೇಡಿ, ಹುಲ್ಲಿದ್ದರೆ ಉದುರಿದ ಪುಡಿ ಕಾಣುವುದಿಲ್ಲ.

ಹೂವಿನ ಕಾಲದಲ್ಲಿ ಚಿಗುರು ಸುಟ್ಟಂತೆ ಕಪ್ಪಾಗಿ ತುದಿ ಕೊಕ್ಕೆಯಂತೆ ಬಾಗಿದರೆ ಅದು ಫೈರ್ ಬ್ಲೈಟ್, ಬ್ಯಾಕ್ಟೀರಿಯಾ ರೋಗ. ಒಣ ಹವೆಯಲ್ಲಿ ರೋಗ ಕಂಡಲ್ಲಿಂದ 20–30 ಸೆಂ.ಮೀ. ಕೆಳಗೆ ಕತ್ತರಿಸಿ, ಪ್ರತಿ ಸಲವೂ ಕತ್ತರಿಯನ್ನು ಶೇ. 70ರ ಆಲ್ಕೋಹಾಲ್‌ನಲ್ಲಿ ಅದ್ದಿ. ಸಾರಜನಕ ಗೊಬ್ಬರ ಸುರಿದರೆ ರಸತುಂಬಿದ ಎಳೆ ಚಿಗುರು ಬಂದು ರೋಗಕ್ಕೆ ಹಾದಿಯಾಗುತ್ತದೆ. ಮಾಮೂಲಿ ಸವರುವಿಕೆ ಚಳಿಗಾಲದ ಕೊನೆಗೆ, ಅದೂ ಮಿತವಾಗಿ.

ಕೊರಕದ ಕಾಟ ಹೆಚ್ಚಿರುವಲ್ಲಿ ಕೊರಿಯನ್ ಮೌಂಟನ್ ಆಶ್ ಒಳ್ಳೆಯ ಆಯ್ಕೆ. ಅದರ ಎಲೆ ಗರಿಯಂತೆ ಸೀಳಿರದೆ ಇಡಿಯಾಗಿರುತ್ತದೆ.

ಕೇಸರಿ ಹಣ್ಣುಗಳ ಗೊಂಚಲೇ ಈ ಮರದ ಸೊಬಗು. ಹಸಿ ಹಣ್ಣಿನ ಪ್ಯಾರಾಸೋರ್ಬಿಕ್ ಆಮ್ಲ ಹೊಟ್ಟೆ ಕೆಡಿಸುತ್ತದೆ. ಇವತ್ತು ಆಹಾರ ಕೆಡದಂತೆ ಬಳಸುವ ಸೋರ್ಬಿಕ್ ಆಮ್ಲವನ್ನು 1859ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಹಾಫ್‌ಮನ್ ಮೊದಲು ಪಡೆದದ್ದು ಇದೇ ಹಣ್ಣಿನಿಂದ. ಬೀಜದಿಂದ ಸಸಿ ಮಾಡುವುದಾದರೆ ತಿರುಳನ್ನು ಪೂರ್ತಿ ತೊಳೆಯಿರಿ, ಅದು ಮೊಳಕೆ ತಡೆಯುತ್ತದೆ. ಒದ್ದೆ ಮರಳಿನಲ್ಲಿ ಬೆರೆಸಿ ಮೂರು ನಾಲ್ಕು ತಿಂಗಳು ಫ್ರಿಜ್‌ನಲ್ಲಿಟ್ಟು ಬಿತ್ತಿ. ಕೆಲವು ಬೀಜ ಮರುವರ್ಷದ ವಸಂತಕ್ಕೆ ಮೊಳೆಯುತ್ತವೆ, ಅಲ್ಲಿಯವರೆಗೆ ಟ್ರೇ ಎಸೆಯಬೇಡಿ.