ಸ್ವಾತಿ ಕಳೆದ ಮೇಲೆ ರಾತ್ರಿಯ ಅಂಕಿ ನೋಡಿ

“ಸಾಹೇಬರೇ, ಒಂದೆರಡು ಕಡೆ ಮಳೆ ಎಂದು ಬರೆದಿದ್ದೀರಿ. ನಮ್ಮ ಹೊಲ ಆ ಒಂದೆರಡರಲ್ಲಿ ಬರುತ್ತದೋ ಇಲ್ಲವೋ?”

ಹವಾಮಾನ ವರದಿ ಬರೆಯುವ ನನಗೆ ವಿಜಯಪುರ ಜಿಲ್ಲೆಯ ಇಂಡಿ ಕಡೆಯ ರೈತರೊಬ್ಬರು ಚಿತ್ತೆ ಮಳೆಯ ಹೊತ್ತಿಗೆ ಪ್ರತಿ ವರ್ಷ ಫೋನ್ ಮಾಡಿ ಕೇಳುವ ಪ್ರಶ್ನೆ ಇದು. ಕಾಲೆಳೆಯುತ್ತಿದ್ದಾರೆ ಎಂದು ಮೊದಲು ಅಂದುಕೊಂಡಿದ್ದೆ. ಕಣದ ತುಂಬ ಮೆಕ್ಕೆಜೋಳ ಹರಡಿಕೊಂಡು ಕೂತವರಿಗೆ ಕಾಲೆಳೆಯಲು ಪುರಸೊತ್ತು ಎಲ್ಲಿರುತ್ತದೆ? ಹವಾಮಾನ ಇಲಾಖೆಯ ಲೆಕ್ಕದಲ್ಲಿ ‘ಒಂದೆರಡು ಕಡೆ’ ಎಂದರೆ ಆ ವಿಭಾಗದ ನೂರು ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ 25ರಲ್ಲಿ ಮಳೆ. ‘ಕೆಲವು ಕಡೆ’ ಎಂದರೆ 26ರಿಂದ 50, ‘ಹಲವು ಕಡೆ’ ಎಂದರೆ 51ರಿಂದ 75, ಅದಕ್ಕೂ ಮೇಲಾದರೆ ‘ಬಹುತೇಕ ಕಡೆ’. ಅಷ್ಟು ಹೇಳಿದ ಮೇಲೆ ಅವರೇ ತೀರ್ಮಾನಿಸಿದರು: “ಹಾಗಾದರೆ ರಾಶಿ ತುಂಬುವುದು ಬೇಡ. ತಾಡಪಾಲು ಮಾತ್ರ ಹೊರಗೆ ತೆಗೆದಿಡುತ್ತೇನೆ.” ಕುರುಡು ಚಿತ್ತೆ ಎಂದು ಹಿರಿಯರು ಸುಮ್ಮನೆ ಅಂದದ್ದಲ್ಲ. ಈ ಕಾಲದ ಗುಡುಗು ಮೋಡಕ್ಕೆ ಬದುವಿನ ಆಚೆ ಈಚೆ ಎಂಬ ಭೇದ ತಿಳಿಯುವುದಿಲ್ಲ.

ಸ್ವಾತಿ ಮುಗಿಯುವ ನವೆಂಬರ್ ಮೊದಲ ವಾರದಿಂದ ವಿಜಯಪುರ, ಕಲಬುರಗಿ, ಬೀದರ್ ಕಡೆಯ ಎರೆ ಸೀಮೆಯಲ್ಲಿ ಮುನ್ಸೂಚನೆ ಓದುವ ಕ್ರಮವನ್ನೇ ಬದಲಿಸಿಕೊಳ್ಳಬೇಕು. ಜನ ಆಗಲೂ ಮಳೆಯ ಕಾಲಂ ಮೇಲೆಯೇ ಬೆರಳಿಡುತ್ತಾರೆ. ನಾನು ಮೊದಲು ನೋಡುವುದು ಕನಿಷ್ಠ ಉಷ್ಣಾಂಶವನ್ನು, ಆಮೇಲೆ ಮೋಡವನ್ನು. ಬಿಳಿಜೋಳ, ಕಡಲೆ, ತೊಗರಿ ಮೂರಕ್ಕೂ ಆಗ ಬೇಕಾದ ನೀರಿನ ಬಹುಪಾಲು ನೆಲದೊಳಗೇ ಇರುತ್ತದೆ. ಒಂದು ಮೀಟರ್ ಆಳದ ಒಳ್ಳೆಯ ಎರೆ ಮಣ್ಣು ಸುಮಾರು 150ರಿಂದ 200 ಮಿ.ಮೀ. ನೀರನ್ನು ಬೇರಿಗೆ ಎಟಕುವಂತೆ ಹಿಡಿದಿಡುತ್ತದೆ. ಎಕರೆಗೆ 25 ಮಿ.ಮೀ. ಎಂದರೇ ಸುಮಾರು 1 ಲಕ್ಷ ಲೀಟರ್. ಉಳಿದದ್ದನ್ನು ಗುಣಿಸಿ ನೋಡಿ. ನೆಲ ಬಿರಿಯುವ ಮೊದಲು ಎಡೆ ಹೊಡೆದು, ಎಂದರೆ ಸಾಲುಗಳ ನಡುವಿನ ಮಣ್ಣು ಸಡಿಲಿಸಿ, ಆ ಹಸಿಯನ್ನು ಕಾಯ್ದುಕೊಂಡವರು ಡಿಸೆಂಬರಿನ ಆಕಾಶದತ್ತ ಮುಖ ಮಾಡಿ ಕೂರಬೇಕಾಗಿಲ್ಲ.

ರಾತ್ರಿಯ ಸಂಗತಿಗೆ ಬರುತ್ತೇನೆ. ಮುಂಗಾರು ಹಿಂದೆ ಸರಿದ ಮೇಲೆ ನಮ್ಮ ಕಡೆ ಗಾಳಿ ಈಶಾನ್ಯದಿಂದ ಬೀಸತೊಡಗುತ್ತದೆ. ನೆಲದ ಮೇಲೆ ಹಾದು ಬರುವ ಒಣ ಗಾಳಿ ಅದು. ಆಕಾಶ ತಿಳಿಯಾಗಿದ್ದು ಗಾಳಿ ನಿಂತರೆ, ಹಗಲು ಕಾದ ಭೂಮಿ ಸಂಜೆಯಿಂದಲೇ ತನ್ನ ಬಿಸಿಯನ್ನು ಮೇಲಕ್ಕೆ ಬಿಟ್ಟುಕೊಡುತ್ತದೆ. ತಡೆಯುವವರು ಯಾರೂ ಇಲ್ಲ. ಮೋಡ ಬಂತೆಂದರೆ ಊರಿಗೆಲ್ಲ ಕೌದಿ ಹೊದಿಸಿದ ಹಾಗೆ. ಅಕ್ಟೋಬರ್ ಮೊದಲಿಗೆ 20 ಡಿಗ್ರಿಯ ಆಸುಪಾಸಿನಲ್ಲಿರುವ ವಿಜಯಪುರದ ಕನಿಷ್ಠ ಉಷ್ಣಾಂಶ ಡಿಸೆಂಬರ್ ನಡುವಿಗೆ 15ರ ಹತ್ತಿರ ಬರುವುದು ವಾಡಿಕೆ. ಅದು ಸಮನಾಗಿ ಇಳಿಯುವುದಿಲ್ಲ: ನಾಲ್ಕು ದಿನ ಇಳಿದು, ಬಂಗಾಳಕೊಲ್ಲಿಯಲ್ಲಿ ಏನಾದರೂ ಎದ್ದರೆ ಎರಡೇ ರಾತ್ರಿಯಲ್ಲಿ ಮತ್ತೆ ಏರುತ್ತದೆ.

ಪತ್ರಿಕೆಯಲ್ಲಿ ಬರುವ ಅಂಕಿ ನಿಮ್ಮ ಹೊಲದ್ದಲ್ಲ ಎಂಬುದೂ ನೆನಪಿರಲಿ. ಬಿಳಿ ಬಣ್ಣ ಬಳಿದ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಮಲಗಿಸಿಟ್ಟ ತಾಪಮಾಪಕದ್ದು ಅದು. ಅದರ ಕೊಳವೆಯಲ್ಲಿ ಮದ್ಯಸಾರ, ಅದರೊಳಗೊಂದು ಪುಟ್ಟ ಕಡ್ಡಿ. ಚಳಿಗೆ ದ್ರವ ಕುಗ್ಗಿದಂತೆ ಕಡ್ಡಿಯನ್ನು ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ಬಿಸಿಲೇರಿದಾಗ ದ್ರವ ಮುಂದೆ ಸಾಗುತ್ತದೆ, ಕಡ್ಡಿ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಬೆಳಿಗ್ಗೆ 8.30ಕ್ಕೆ ಅದನ್ನು ಓದಿ, ಕೊಳವೆಯನ್ನು ಓರೆ ಮಾಡಿ ಕಡ್ಡಿಯನ್ನು ಮತ್ತೆ ದ್ರವದ ತುದಿಗೆ ತಂದು ಬಿಡಬೇಕು. ಪೆಟ್ಟಿಗೆಯೊಳಗೆ 12 ಇದ್ದರೆ ಪಕ್ಕದ ಹುಲ್ಲಿನ ಮಟ್ಟದಲ್ಲಿ ಇನ್ನೂ ಕಡಿಮೆ. ತಂಪು ಗಾಳಿಗೆ ತೂಕ ಹೆಚ್ಚು, ನೀರಿನಂತೆ ತಗ್ಗಿಗೆ ಹರಿಯುತ್ತದೆ. ಹಳ್ಳದ ದಂಡೆಯ ಹೊಲ ಇರುವವರಿಗೆ ನಾನು ಹೇಳಿ ತಿಳಿಯಬೇಕಾಗಿಲ್ಲ. ಮುಂಜಾನೆ ಊರಿನ ಒಲೆಯ ಹೊಗೆ ಬೇವಿನ ಮರದ ಎತ್ತರಕ್ಕೆ ಏರಿ, ಅಲ್ಲಿಂದ ಮೇಲೆ ಹೋಗಲಾರದೆ ಅಡ್ಡಕ್ಕೆ ಹಾಸಿಕೊಂಡಿರುತ್ತದಲ್ಲ, ಅದು ಕೆಳಗೆ ತಂಪು ಮೇಲೆ ಬಿಸಿ ಎಂಬುದರ ಗುರುತು. ಆ ಹೊತ್ತಿನಲ್ಲಿ ಔಷಧಿ ಹೊಡೆಯಬೇಡಿ. ಹನಿ ಕೆಳಗಿಳಿಯದೆ ಪಕ್ಕದವರ ಹೊಲಕ್ಕೆ ತೇಲುತ್ತದೆ, ಎಲೆಯ ಮೇಲಿನ ಇಬ್ಬನಿ ಬೇರೆ ಅದನ್ನು ತೊಳೆದುಬಿಡುತ್ತದೆ.

ಟಿ.ವಿ.ಯವರಿಗೆ ಡಿಸೆಂಬರ್ ಬಂತೆಂದರೆ ದಿನವೂ ‘ಶೀತಗಾಳಿ’. ಬಯಲು ಪ್ರದೇಶದಲ್ಲಿ ಆ ಮಾತು ಬಳಸಲು ಕನಿಷ್ಠ ಉಷ್ಣಾಂಶ 10 ಡಿಗ್ರಿಗೆ ಇಳಿದಿರಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇರಬೇಕು. ಹನ್ನೊಂದರಲ್ಲಿ ಹಲ್ಲು ಕಟಕಟ ಎಂದರೂ ಲೆಕ್ಕಕ್ಕೆ ಅದು ಬರಿಯ ಚಳಿ. ಬೆಳೆಯ ಲೆಕ್ಕ ಮತ್ತೆ ಬೇರೆ. ತಡವಾಗಿ ಬಿತ್ತಿದ ಬಿಳಿಜೋಳ ಹೊಡೆ ಹಿಡಿಯುವಾಗ ಹಲವು ರಾತ್ರಿ ಹತ್ತರ ಕೆಳಗಿಳಿದರೆ ಪರಾಗ ಕೆಲಸಕ್ಕೆ ಬಾರದಂತಾಗಿ ತೆನೆ ಜೊಳ್ಳು ನಿಲ್ಲುತ್ತದೆ. ಹೊರಗಿನಿಂದ ನೋಡಲು ಪೈರು ಚೆನ್ನಾಗಿಯೇ ಇರುತ್ತದೆ. ಸೀತನಿ (ಸುಟ್ಟ ಎಳೆಗಾಳು) ತಿನ್ನಲು ತೆನೆ ಮುರಿದಾಗಲೇ ಗೊತ್ತಾಗುವುದು.

ಚಳಿಗಿಂತ ನನಗೆ ಹೆಚ್ಚು ಅಂಜಿಕೆ ಮೋಡದ್ದು. ತೊಗರಿ ಹೂವಾಡುವ ನವೆಂಬರಿನಲ್ಲಿ ಮೂರು ದಿನ ಮೋಡ ಮುಚ್ಚಿ, ರಾತ್ರಿ ಬೆಚ್ಚಗಾಗಿ, ಮಳೆಯೂ ಬಾರದೆ ಹೋದರೆ ಹೂ ಉದುರುತ್ತದೆ, ಹಿಂದೆಯೇ ಕಾಯಿಕೊರಕ. ಕಲಬುರಗಿಯ ಹಳೆಯ ರೈತರು ಗಿಡದ ಕೆಳಗೆ ಬಟ್ಟೆ ಹಾಸಿ ಅಲುಗಾಡಿಸಿ ಕೀಡೆ ಉದುರಿಸುತ್ತಿದ್ದರು. ಕೀಡೆ ಎಷ್ಟಿದೆ ಎಂದು ಅಂದಾಜು ಮಾಡಲು ಇಂದಿಗೂ ಅದಕ್ಕಿಂತ ಸಲೀಸಾದ ದಾರಿ ಇಲ್ಲ. ವಿಜಯಪುರದ ದ್ರಾಕ್ಷಿಯವರಿಗೆ ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವಿಕೆ) ಆದ ತೋಟದಲ್ಲಿ ಇದೇ ಮೋಡ ಡೌನಿ ಎಂಬ ಬೂಜು ರೋಗದ ಭಯ ತರುತ್ತದೆ.

ಮೋಡ ಎಲ್ಲಿಂದ ಬರುತ್ತದೆ ಎಂಬುದಕ್ಕೆ ನಕಾಶೆಯಲ್ಲಿ ಪೂರ್ವ ಕರಾವಳಿಯನ್ನು ನೋಡಿ. ವಾಯುಭಾರ ಕುಸಿತ ಚೆನ್ನೈ, ಪುದುಚೇರಿ ಕಡೆ ದಡ ದಾಟಿದರೆ ಮಳೆ ಹೆಚ್ಚಾಗಿ ದಕ್ಷಿಣ ಒಳನಾಡಿಗೆ. 2024ರ ನವೆಂಬರ್ ಕೊನೆಗೆ ಬಂದ ಫೆಂಗಲ್ ಚಂಡಮಾರುತ ಹಾಗೆ ಮಾಡಿತು. ನಮ್ಮ ಪಾಲಿಗೆ ಆಗ ಬರಿಯ ಮೋಡ ಸಿಕ್ಕಿದರೂ ಸಿಗಬಹುದು. ಆಂಧ್ರದ ಕರಾವಳಿ ದಾಟಿ ಪಶ್ಚಿಮಕ್ಕೆ ಹೊರಟರೆ ಎಚ್ಚರ. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ಸೇರಿದ ಕುಸಿತ ತೆಲಂಗಾಣದ ಮೇಲೆ ಹಾದು ನಮ್ಮ ಕಡೆಗೂ ಬಂತು, ಮಹಾರಾಷ್ಟ್ರದಲ್ಲೂ ಸುರಿಯಿತು, ಭೀಮೆ ಉಕ್ಕಿ ದಂಡೆಯ ಹೊಲಗಳೆಲ್ಲ ಮುಳುಗಿದವು. ಒಡಿಶಾ, ಬಂಗಾಳದತ್ತ ತಿರುಗಿದ್ದಕ್ಕೆ ನಾವು ತಲೆ ಕೆಡಿಸಿಕೊಳ್ಳುವುದು ಬೇಡ.

ಲಾ ನಿನಾ ಇದೆಯಂತಲ್ಲ ಎಂದು ಈಗ ಶಾಲೆಯ ಹುಡುಗರೂ ಕೇಳುತ್ತಾರೆ. ಪೆಸಿಫಿಕ್ ಸಾಗರದ ನಡುವಿನ ಮೇಲ್ನೀರು ವಾಡಿಕೆಗಿಂತ ತಣ್ಣಗಾಗುವುದೇ ಲಾ ನಿನಾ. ಆ ವರ್ಷಗಳಲ್ಲಿ ದಕ್ಷಿಣ ಭಾರತದ ಹಿಂಗಾರು ಸ್ವಲ್ಪ ಸೊರಗುವ ಒಲವಿದೆ. ಅದು ಒಲವು ಅಷ್ಟೇ. ಮೂರು ತಿಂಗಳ ಮುನ್ನೋಟದಲ್ಲಿ ‘ವಾಡಿಕೆಗಿಂತ ಹೆಚ್ಚು ಮಳೆಗೆ ಶೇ 45 ಸಾಧ್ಯತೆ’ ಎಂದು ಕಂಡರೆ ಹಿಗ್ಗುವ ಮೊದಲು ಒಂದು ಲೆಕ್ಕ ಮಾಡಿ: ಹೆಚ್ಚು, ವಾಡಿಕೆ, ಕಡಿಮೆ ಎಂಬ ಮೂರು ಮನೆಗೆ ಏನೂ ತಿಳಿಯದಿದ್ದಾಗಲೂ ತಲಾ ಶೇ 33 ಸಿಕ್ಕೇ ಸಿಗುತ್ತದೆ.

ಕೆಲಸಕ್ಕೆ ಬರುವುದು ಮಂಗಳವಾರ ಮತ್ತು ಶುಕ್ರವಾರ ಹೊರಡುವ ಐದು ದಿನಗಳ ಕೃಷಿ ಹವಾಮಾನ ವರದಿ. ಅದರಲ್ಲೂ ಮೊದಲ ಎರಡು ದಿನಗಳನ್ನು ನಂಬಿ, ಕೊನೆಯ ಎರಡನ್ನು ದಿಕ್ಕು ತಿಳಿಯಲು ಇಟ್ಟುಕೊಳ್ಳಿ. ಒಂದು ನವೆಂಬರಿನಲ್ಲಿ ನಾನು ಐದೂ ದಿನಕ್ಕೆ ‘ಒಣಹವೆ’ ಎಂದು ಬರೆದು, ನಾಲ್ಕನೆಯ ರಾತ್ರಿ ಇಂಡಿಯ ಅದೇ ರೈತರ ಕಣ ನೆನೆದಿತ್ತು. ಅವರು ಆ ಮಾತನ್ನು ಎಂದೂ ಎತ್ತಿಲ್ಲ.

ಹೋದ ಚಳಿಗಾಲ ಒಂದು ಬೆಳಿಗ್ಗೆ ಅವರೇ ಫೋನ್ ಮಾಡಿದರು. ರಾತ್ರಿ ಕಡಲೆ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿದ್ದರಂತೆ. ಇಬ್ಬನಿಯಲ್ಲಿ ತೊಯ್ದ ಬಟ್ಟೆಯನ್ನು ಮನೆಯವರು ಹಿಂಡುತ್ತಿದ್ದರು, ಕಡಲೆ ಹುಳಿಗಾಗಿ. ಹೊಟ್ಟೆನೋವಿಗೆ ವರ್ಷವಿಡೀ ಅದೇ ಮದ್ದು. “ಅರ್ಧ ತಂಬಿಗೆ ಬಂದಿದೆ, ಸಾಹೇಬರೇ. ನಿನ್ನೆ ರಾತ್ರಿ ಮೋಡ ಇರಲಿಲ್ಲ ಎಂದು ಬರೆದುಕೊಳ್ಳಿ.”

ಬರೆದುಕೊಂಡೆ. ಪೆಟ್ಟಿಗೆಯ ಕಡ್ಡಿ ಅಂದು 11.4ರಲ್ಲಿ ನಿಂತಿತ್ತು.