ಪರ್ಸೆಂಟೇಜ್ ನೋಡಿ ಆಟ ಹುಡುಕೋರಿಗೆ

"ಮೇಡಂ, ನಮ್ಮ ಹುಡುಗಂಗೆ 75 ಪರ್ಸೆಂಟ್ ಅಂಗವೈಕಲ್ಯ ಇದೆ, ಇದಕ್ಕೆ ಯಾವ ಗೇಮ್ ಸಿಗುತ್ತೆ?" ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ ನಂಗೆ. ಸಿಇಟಿ ಕೌನ್ಸೆಲಿಂಗಲ್ಲಿ ಸೀಟು ಕೇಳಿದ ಹಾಗೆ, ಇಷ್ಟು ಪರ್ಸೆಂಟಿಗೆ ಇಂಥ ಆಟ ಅಂತ ಎಲ್ಲೋ ಲಿಸ್ಟ್ ಅಂಟಿಸಿದ್ದಾರೆ ಅಂದ್ಕೊಂಡು ಬರ್ತಾರೆ. ಕೇಳೋರು ಯಾವಾಗಲೂ ಅಪ್ಪ ಅಥವಾ ಅಣ್ಣ. ಆಡಬೇಕಾದವನು ಪಕ್ಕದಲ್ಲಿ ಮೊಬೈಲ್ ನೋಡ್ತಾ ಕೂತಿರ್ತಾನೆ. ಎರಡನೇ ಪ್ರಶ್ನೆ ಇನ್ನೂ ಚೆಂದ: "ಕಾಂಪಿಟೇಷನ್ ಕಮ್ಮಿ ಇರೋದು ಯಾವ್ದು ಮೇಡಂ, ಬೇಗ ಮೆಡಲ್ ಬರೋ ಥರದ್ದು?"

ನಾನು ಫಿಸಿಯೋಥೆರಪಿಸ್ಟ್. ವೀಕೆಂಡಲ್ಲಿ ವೀಲ್‌ಚೇರ್ ಬಾಸ್ಕೆಟ್‌ಬಾಲ್ ಆಡೋರ ಜೊತೆ ಕೋರ್ಟಲ್ಲಿರ್ತೀನಿ. ಆಟದಿಂದ ಏನು ಪ್ರಯೋಜನ ಅಂತ ಇಲ್ಲಿ ಬರೆಯಲ್ಲ, ಅದು ಎಲ್ಲರಿಗೂ ಗೊತ್ತು. ಈ ಪರ್ಸೆಂಟೇಜ್ ವಿಷ್ಯ ಒಂದನ್ನ ಮಾತ್ರ ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆದ್ರೂ ಓದಿ.

ಯುಡಿಐಡಿ ಕಾರ್ಡಲ್ಲಿರೋ (ಸರ್ಕಾರ ಕೊಡೋ ಅಂಗವಿಕಲರ ಗುರುತಿನ ಚೀಟಿ) ಪರ್ಸೆಂಟೇಜು ಸರ್ಕಾರದ ಸವಲತ್ತಿಗೆ. 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ರಿಸರ್ವೇಷನ್ನು, ಪಾಸು, ಅದೂ ಇದೂ. ಕೋರ್ಟೊಳಗೆ ಆ ನಂಬರ್ ಯಾರೂ ಕೇಳಲ್ಲ. ಅಲ್ಲಿರೋದು ಕ್ಲಾಸಿಫಿಕೇಷನ್. ಟ್ರೇನಿಂಗ್ ಆದ ಕ್ಲಾಸಿಫೈಯರ್‌ಗಳು ನಿಮ್ಮ ಸೊಂಟದ ಬ್ಯಾಲೆನ್ಸ್ ಎಷ್ಟು, ಕೈ ಹಿಡಿತ ಎಷ್ಟು, ಬಗ್ಗಿ ಮತ್ತೆ ಏಳೋಕಾಗುತ್ತಾ ಅಂತ ಆ ಆಟಕ್ಕೆ ಬೇಕಾದಷ್ಟನ್ನ ಮಾತ್ರ ನೋಡ್ತಾರೆ. ಒಬ್ಬನೇ ಮನುಷ್ಯ ಈಜಲ್ಲಿ ಒಂದು ಕ್ಲಾಸು, ಎಸೆತದಲ್ಲಿ ಇನ್ನೊಂದು, ಮೂರನೇ ಆಟಕ್ಕೆ ಎಲಿಜಿಬಲ್ಲೇ ಅಲ್ಲ, ಇದೆಲ್ಲ ಮಾಮೂಲು. ಸರಿ, ಕ್ಲಾಸ್ ಸಿಕ್ತು ಅಂದ್ಕೊಳ್ಳಿ, ಅದರಿಂದ ಗೊತ್ತಾಗೋದು ಏನು? ನೀವು ಯಾರ ಎದುರು ಆಡ್ತೀರಿ ಅನ್ನೋದು ಅಷ್ಟೇ. ಆ ಆಟ ನಿಮಗೆ ಹಿಡಿಸುತ್ತಾ, ಮಳೆ ಬಂದ ದಿನಾನೂ ಎದ್ದು ಹೋಗೋಣ ಅನ್ಸುತ್ತಾ, ಇದನ್ನ ಯಾವ ಕ್ಲಾಸಿಫೈಯರೂ ಬರ್ಕೊಡಲ್ಲ, ಡಾಕ್ಟರೂ ಬರ್ಕೊಡಲ್ಲ, ನಾನೂ ಬರ್ಕೊಡಲ್ಲ.

"ಇವನಿಗೆ ತುಂಬಾ ಜಾಸ್ತಿ ಇದೆ, ಟೀಮಲ್ಲಿ ಯಾರು ಸೇರಿಸ್ಕೋತಾರೆ" ಅನ್ನೋರಿಗೆ ಇನ್ನೊಂದು ಮಾತು. ವೀಲ್‌ಚೇರ್ ಬಾಸ್ಕೆಟ್‌ಬಾಲಲ್ಲಿ ಪ್ರತಿ ಆಟಗಾರರಿಗೂ 1.0 ಇಂದ 4.5ರವರೆಗೆ ಪಾಯಿಂಟ್ ಇರುತ್ತೆ, ಕಮ್ಮಿ ಪಾಯಿಂಟ್ ಅಂದ್ರೆ ದೇಹದ ಕಂಟ್ರೋಲ್ ಕಮ್ಮಿ. ಕೋರ್ಟಲ್ಲಿರೋ ಐದೂ ಜನರದ್ದು ಸೇರಿ 14 ದಾಟಂಗಿಲ್ಲ. ಲೆಕ್ಕ ಹಾಕಿ ನೋಡಿ, 4.5 ಇರೋರನ್ನೇ ತುಂಬೋಕಾಗಲ್ಲ, 1.0 ಇರೋರನ್ನ ಕೋಚ್‌ಗಳು ಹುಡುಕ್ಕೊಂಡು ಬರ್ತಾರೆ. ಅವರು ಬಾಸ್ಕೆಟ್ ಹಾಕೋದು ಕಮ್ಮಿ ಇರಬಹುದು, ಆದ್ರೆ ಎದುರಾಳಿ ಚೇರಿಗೆ ತಮ್ಮ ಚೇರ್ ಅಡ್ಡ ಕೊಟ್ಟು ದಾರಿ ಮಾಡ್ಕೊಡೋದು ಅವರೇ. ಅಂಧರ ಕ್ರಿಕೆಟ್ಟಲ್ಲೂ ಹೀಗೇ, ಹನ್ನೊಂದರಲ್ಲಿ ಕಡೇಪಕ್ಷ ನಾಲ್ಕು ಜನ ಪೂರ್ತಿ ಕಣ್ಣು ಕಾಣದ ಬಿ1 ಆಟಗಾರರು ಇರಲೇಬೇಕು, ಅವರು ಹೊಡೆದ ರನ್ನು ಡಬಲ್. 2025ರ ನವೆಂಬರಲ್ಲಿ ಮಹಿಳೆಯರ ಮೊದಲ ಅಂಧರ ಟಿ20 ವಿಶ್ವಕಪ್ ನಮ್ಮೋರು ಕೊಲಂಬೋದಲ್ಲಿ ಗೆದ್ರಲ್ಲ, ಕ್ಯಾಪ್ಟನ್ ನಮ್ಮ ಕರ್ನಾಟಕಕ್ಕೆ ಆಡೋ ದೀಪಿಕಾ ಟಿ.ಸಿ., ಆ ಟೀಮೂ ಇದೇ ರೂಲಲ್ಲಿ ಆಡಿದ್ದು.

ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ ಇದ್ದಾನೆ. ಕೊನೆ ತೆಗೆಯೋಕೆ ಅಡಿಕೆ ಮರ ಹತ್ತಿ ಬಿದ್ದು ಬೆನ್ನುಹುರಿಗೆ ಏಟು, ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಮಲೆನಾಡಿಂದ ಬರೋ ಪೇಷಂಟ್‌ಗಳಲ್ಲಿ ಈ ಕಥೆ ಎಷ್ಟು ಕೇಳಿದೀನೋ. ಯಾರೋ ಇವರಣ್ಣಂಗೆ "ಶಾಟ್‌ಪುಟ್ ಹಾಕ್ಸಿ, ಅವನ ಕ್ಲಾಸಲ್ಲಿ ಜನಾನೇ ಇಲ್ಲ" ಅಂದಿದ್ರು. ಊರಿನ ಮೈದಾನದಲ್ಲಿ ಇವನೊಬ್ಬನೇ ಎಸೆಯೋದು, ಅಣ್ಣ ಹೆಕ್ಕಿ ತರೋದು. ಸ್ವಲ್ಪ ತಿಂಗಳಲ್ಲಿ ಬಿಟ್ಟೇಬಿಟ್ಟ. ಶಾಟ್‌ಪುಟ್ ಮೇಲೆ ನಂಗೇನೂ ಸಿಟ್ಟಿಲ್ಲ, ಅದನ್ನ ಉಸಿರಿನ ಥರ ಹಚ್ಚಿಕೊಂಡೋರನ್ನೂ ನೋಡಿದೀನಿ, ಆದ್ರೆ ಇವನಿಗೆ ಅದು ಅಣ್ಣ ಕೊಟ್ಟ ಹೋಂವರ್ಕ್ ಆಗಿತ್ತು. ಭುಜದ ನೋವು ಅಂತ ನನ್ನತ್ರ ಬಂದಾಗ, ಶನಿವಾರ ಕೋರ್ಟಿಗೆ ಬಾ, ಸುಮ್ನೆ ನೋಡು ಅಂದೆ.

ಎರಡನೇ ವಾರಕ್ಕೆ ನೋಡೋದು ಬಿಟ್ಟು ಆಡೋಕೆ ಇಳಿದಿದ್ದ. ಯಾರೋ ಡಿಕ್ಕಿ ಹೊಡೆದ್ರು, ಚೇರ್ ಸಮೇತ ಮಗುಚ್ಕೊಂಡ. ಅಣ್ಣ "ಅಯ್ಯೋ" ಅಂತ ಚಪ್ಪಲಿ ಕಾಲಲ್ಲೇ ಕೋರ್ಟೊಳಗೆ ಓಡಿದ್ರು. ನಮ್ಮ ಟೀಮಿನ ಸೀನಿಯರ್ ಹುಡುಗಿ ಒಬ್ಳು ತನ್ನ ಚೇರ್ ಅಡ್ಡ ನಿಲ್ಲಿಸಿ "ಅಣ್ಣಾ, ನೀವು ಹೊರಗೆ ನಿಲ್ಲಿ, ಅವ್ನು ಏಳ್ತಾನೆ" ಅಂದ್ಳು. ಆಮೇಲೆ ಅವನಿಗೆ ಹೇಳ್ತಾ ಹೋದ್ಳು, ಬೆಲ್ಟ್ ಬಿಚ್ಚಬೇಡ, ಒಂದು ಕೈ ನೆಲಕ್ಕೆ ಊರು, ಇನ್ನೊಂದರಲ್ಲಿ ಮೇಲಿನ ಚಕ್ರ ಹಿಡಿ, ಈಗ ನೂಕು. ಮೊದಲ ಸಲ ಆಗಲಿಲ್ಲ, ಎರಡನೇ ಸಲಾನೂ ಇಲ್ಲ, ಆಮೇಲೆ ಎದ್ದ. ಯಾರೂ ಚಪ್ಪಾಳೆ ಹೊಡೀಲಿಲ್ಲ, ಬಾಲ್ ಪಾಸ್ ಮಾಡಿದ್ರು. ಅಷ್ಟು ಹೊತ್ತು ಆ ಅಣ್ಣನ ಮುಖ ನೋಡೋಕಾಗ್ತಿರಲಿಲ್ಲ, ಪಾಪ.

ನೀರು ಕುಡಿಯೋ ಬ್ರೇಕಲ್ಲಿ ಒಬ್ಬ ಕೇಳಿದ, "ಲೋ, ಯೂರಿನ್ ಪೈಪು ದಿನಕ್ಕೆ ಎಷ್ಟು ಸಲ ಹಾಕ್ಕೋತೀಯ?" ನಾನು ಒಪಿಡೀಲಿ ಬಾಗಿಲು ಹಾಕ್ಕೊಂಡು ಕೇಳಿದ್ರೂ ತಲೆ ತಗ್ಗಿಸ್ತಿದ್ದ ಹುಡುಗ ಅಲ್ಲಿ ಪಟಪಟ ಉತ್ತರ ಕೊಟ್ಟ. ಕೂತು ಕೂತು ಹುಣ್ಣಾಗಿದ್ಯಾ ಅಂತ ಮೊಬೈಲ್ ಕ್ಯಾಮೆರಾ ಹಿಂದೆ ಹಿಡಿದು ನೋಡ್ಕೊಳ್ಳೋದು, ಯಾವ ಥಿಯೇಟರಲ್ಲಿ ರ‍್ಯಾಂಪ್ ಇದೆ, ಆಟೋದವರ ಹತ್ರ ಚೇರ್ ಮಡಚಿ ಹಿಂದೆ ಇಡಿಸೋದು ಹೇಗೆ, ಹುಡುಗಿ ಮನೆಯವರ ಹತ್ರ ಏನು ಮಾತಾಡೋದು, ಇದೆಲ್ಲ ನಾನು ಕಲಿಸೋಕಾಗಲ್ಲ. ಕಲಿಸಿದ್ರೂ ನಂಬಲ್ಲ, ನಾನು ನಡೆದಾಡೋಳು. ಅದಕ್ಕೇ "ಮನೆಗೇ ಬಂದು ಪ್ರೈವೇಟಾಗಿ ಕೋಚಿಂಗ್ ಕೊಡ್ತೀರಾ" ಅನ್ನೋರಿಗೆ ನಾನು ಒಪ್ಪಲ್ಲ. ದುಡ್ಡಿನ ಪ್ರಶ್ನೆ ಅಲ್ಲಪ್ಪ, ಆ ನೀರಿನ ಬ್ರೇಕು ಮನೆಗೆ ಬರಲ್ಲ.

ಮೆಡಲ್ ವಿಷ್ಯ. ಚಿಕ್ಕಮಗಳೂರಿನ ರಕ್ಷಿತಾ ರಾಜು 2018ರ ಜಕಾರ್ತ, 2023ರ ಹಾಂಗ್‌ಝೌ, ಎರಡೂ ಏಷ್ಯನ್ ಪ್ಯಾರಾ ಗೇಮ್ಸಲ್ಲಿ 1500 ಮೀಟರ್ ಚಿನ್ನ ತಂದ್ರು. ಕಣ್ಣು ಕಾಣದೋರ ಟಿ11 ಕ್ಲಾಸಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿ, ಗೈಡ್ ರನ್ನರ್ ಜೊತೆ ಒಂದು ತುಂಡು ಹಗ್ಗ ಹಿಡಿದು ಓಡಬೇಕು, ಇಬ್ಬರ ಹೆಜ್ಜೆ ಹೊಂದೋಕೆ ವರ್ಷಗಟ್ಟಲೆ ಬೇಕು. "ಕಾಂಪಿಟೇಷನ್ ಕಮ್ಮಿ" ಅಂತ ಲೆಕ್ಕ ಹಾಕಿ ಬಂದೋರು ಅಷ್ಟು ವರ್ಷ ನಿಲ್ಲಲ್ಲ. ನಮ್ಮ ಹಾಸನದ ಸುಹಾಸ್ ಯತಿರಾಜ್ ಐಎಎಸ್ ಕೆಲಸ ಮಾಡ್ಕೊಂಡೇ ಬ್ಯಾಡ್ಮಿಂಟನ್ ಆಡಿ ಟೋಕಿಯೋ, ಪ್ಯಾರಿಸ್ ಎರಡೂ ಪ್ಯಾರಾಲಿಂಪಿಕ್ಸಲ್ಲಿ ಬೆಳ್ಳಿ ತಗೊಂಡ್ರು. ಕೆಲಸ ಸಿಗ್ಲಿ ಅಂತ ಆಡಿದ್ದಲ್ಲ ಅದು, ಕೆಲಸ ಮೊದಲೇ ಇತ್ತು.

ಎಚ್ಚರಿಕೆ ಹೇಳದೇ ಬಿಟ್ರೆ ನನ್ನ ವೃತ್ತಿಗೆ ಮರ್ಯಾದೆ ಅಲ್ಲ. ಬೆನ್ನುಹುರಿ ಏಟು ಟಿ6 (ಎದೆ ಭಾಗದ ಆರನೇ ಬೆನ್ನುಮೂಳೆ ಮಟ್ಟ) ಅಥವಾ ಅದಕ್ಕಿಂತ ಮೇಲಿದ್ರೆ ಬಿಪಿ ದಿಢೀರ್ ಏರಬಹುದು, ತಲೆ ಸಿಡಿಯೋ ನೋವು, ಮುಖ ಕೆಂಪಾಗೋದು, ಇದು ಎಮರ್ಜೆನ್ಸಿ. ತಕ್ಷಣ ನೆಟ್ಟಗೆ ಕೂರಿಸಿ, ಪೈಪ್ ಮಡಚ್ಕೊಂಡಿದ್ಯಾ ನೋಡಿ, ಆಸ್ಪತ್ರೆಗೆ ಹೊರಡಿ. ಏಟಿನ ಕೆಳಗೆ ಸರಿಯಾಗಿ ಬೆವರಲ್ಲ, ಹಾಗಾಗಿ ಬಿಸಿಲಲ್ಲಿ ಬೇಡ. ಹುಣ್ಣಿದ್ರೆ ವಾಸಿ ಆಗೋವರೆಗೂ ಆಟ ಇಲ್ಲ, ಇದರಲ್ಲಿ ಚೌಕಾಸಿ ಮಾಡಬೇಡಿ. ಮೊದಲು ನಿಮ್ಮ ಡಾಕ್ಟರನ್ನ ಕೇಳಿ, ಪ್ರತಿಯೊಬ್ಬರದ್ದೂ ಬೇರೆ ಬೇರೆ ಇರುತ್ತೆ.

ಹಾಂ, ಚೇರು. ಆಸ್ಪತ್ರೆ ಚೇರಲ್ಲಿ ಆಡೋಕೆ ಹೋಗಬೇಡಿ. ಆಟದ ಚೇರಿನ ಚಕ್ರ ಕೆಳಗೆ ಅಗಲಕ್ಕೆ ವಾಲಿರುತ್ತೆ, ಅದಕ್ಕೇ ಗಕ್ಕನೆ ತಿರುಗುತ್ತೆ, ಬೇಗ ಮಗುಚಲ್ಲ. ಹಾಗಂತ ಸಾಲ ಮಾಡಿ ಮೊದಲ ವಾರಕ್ಕೇ ಹೊಸದು ತರೋದೂ ಬೇಡ. ಕ್ಲಬ್ಬಲ್ಲಿರೋದ್ರಲ್ಲಿ ಆಡ್ತಿರಿ, ಸೀಟಿನ ಅಳತೆ ಆಮೇಲೆ ತಗೊಳ್ಳೋಣ.