ಪಟ್ಟಿ ತುಂಬಿದರೂ ಆರದ ದೀಪ

ಹಳೆಯ ಪೆನ್‌ಡ್ರೈವ್ ಒಂದಕ್ಕೆ 1 ಜಿಬಿ ವಿಡಿಯೊ ಹಾಕುತ್ತಿದ್ದೆ. ನಾಲ್ಕೈದು ಸೆಕೆಂಡಿನಲ್ಲೇ ನಕಲಿನ ಪ್ರಗತಿ ತೋರುವ ಪಟ್ಟಿ ಶೇ ನೂರು ಮುಟ್ಟಿತು. ಆದರೆ ಹೊರತೆಗೆಯಲು ಹೋದರೆ ನನ್ನ ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್ ಬಿಡಲೊಲ್ಲದು. ಪೆನ್‌ಡ್ರೈವಿನ ಪುಟ್ಟ ದೀಪ ಮೂರು ನಿಮಿಷ ಮಿನುಗುತ್ತಲೇ ಇತ್ತು.

ಮೋಸವೇನೂ ಅಲ್ಲ, ಉದ್ರಿ ವ್ಯಾಪಾರ. ನಾವು ಬರೆದದ್ದನ್ನು ಲಿನಕ್ಸಿನ ತಿರುಳಾದ ಕರ್ನಲ್ ಮೊದಲು ರ‍್ಯಾಮ್‌ನ ಪೇಜ್ ಕ್ಯಾಶ್ ಎಂಬ ದಾಸ್ತಾನಿನಲ್ಲಿ ಇರಿಸಿಕೊಂಡು ‘ಆಯಿತು’ ಎಂದುಬಿಡುತ್ತದೆ. ಡಿಸ್ಕಿಗೆ ಇನ್ನೂ ಸೇರದ ಆ ಪುಟಗಳಿಗೆ, ಅಂದರೆ ಮೆಮೊರಿಯ ತುಣುಕುಗಳಿಗೆ, ಡರ್ಟಿ ಪೇಜ್ ಎಂದು ಹೆಸರು. ಒಂದೊಂದೂ ಸಾಮಾನ್ಯವಾಗಿ 4 ಕೆಬಿ. ಹೀಗೇಕೆಂದರೆ ಡಿಸ್ಕ್ ಅಷ್ಟು ನಿಧಾನ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲೂ ಬೇಕಾದ ಜಾಗ ಸುತ್ತಿಕೊಂಡು ಬರಲು ಸರಾಸರಿ 4 ಮಿಲಿಸೆಕೆಂಡು ಕಾಯಬೇಕು. ಅಷ್ಟರಲ್ಲಿ ರ‍್ಯಾಮ್ ಹತ್ತಾರು ಸಾವಿರ ಸಲ ಉತ್ತರಿಸಿರುತ್ತದೆ.

ಉದ್ರಿಗೂ ಮಿತಿ ಉಂಟು. ಡರ್ಟಿ ಪುಟಗಳು ಲಭ್ಯ ಮೆಮೊರಿಯ ಶೇ 10 ದಾಟಿದರೆ ಕರ್ನಲ್ ಹಿನ್ನೆಲೆಯಲ್ಲಿ ತೀರಿಸತೊಡಗುತ್ತದೆ. ಇದು ಡರ್ಟಿ ಬ್ಯಾಕ್‌ಗ್ರೌಂಡ್ ರೇಶಿಯೊ. ಶೇ 20ರ ಡರ್ಟಿ ರೇಶಿಯೊ ಹತ್ತಿರವಾದಂತೆ ಬರೆಯುವ ಪ್ರೋಗ್ರಾಮಿಗೇ ಕಡಿವಾಣ ಬೀಳುತ್ತದೆ. ಮಿತಿ ಮುಟ್ಟದಿದ್ದರೂ 30 ಸೆಕೆಂಡು ಹಳತಾದ ಪುಟವನ್ನು ಬರೆದು ಮುಗಿಸುವುದು ವಾಡಿಕೆ. ಮೆಮೊರಿ ಚಿಕ್ಕದಿದ್ದ ಕಾಲಕ್ಕೆ ಈ ಶೇಕಡಾ ಲೆಕ್ಕ ಸರಿಯಿತ್ತು. 16 ಜಿಬಿ ಯಂತ್ರದಲ್ಲಿ ಶೇ 20 ಎಂದರೆ ಸುಮಾರು 3 ಜಿಬಿ. ನನ್ನ ವಿಡಿಯೊ ಇಡಿಯಾಗಿ ಅದರೊಳಗೆ ಅಡಗಿತು.

ಪರಿಹಾರ, ಕರ್ನಲ್ಲಿನ ಹೊಂದಿಕೆಗಳನ್ನು ಬದಲಿಸುವ ಸಿಸ್‌ಸಿಟಿಎಲ್‌ನಲ್ಲಿದೆ. ಶೇಕಡಾವಾರಿನ ಬದಲು ಡರ್ಟಿ ಬೈಟ್ಸ್, ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್ ಎಂಬ ನೇರ ಅಳತೆಗಳನ್ನು ಕೊಡಬಹುದು. ಅವುಗಳನ್ನು 192 ಮತ್ತು 64 ಎಂಬಿಗೆ ಇಳಿಸಿದೆ. ಈಗ ಪಟ್ಟಿ ನಿಧಾನವಾಗಿ ಏರುತ್ತದೆ, ನಿಜವನ್ನೇ ಹೇಳುತ್ತದೆ. ಪೆನ್‌ಡ್ರೈವ್ ಮಾತ್ರ ಒಂದು ಸೆಕೆಂಡೂ ಚುರುಕಾಗಿಲ್ಲ! ಇನ್ನೂ ಕೆಳಗಿಳಿಸುವುದು ಜಾಣತನವಲ್ಲ. ಹುಟ್ಟಿ ಕ್ಷಣದಲ್ಲಿ ಅಳಿಯುವ ತಾತ್ಕಾಲಿಕ ಕಡತಗಳೂ ಸುಮ್ಮನೆ ಡಿಸ್ಕಿಗೆ ಹೋಗಿಬರಬೇಕಾಗುತ್ತದೆ. ಹಾಗೆಂದು ಏರಿಸಿದರೆ, ಕರೆಂಟ್ ಹೋದ ದಿನ ಕಳೆದುಕೊಳ್ಳುವುದೂ ಹೆಚ್ಚು. ಅದಕ್ಕೇ ಡೇಟಾಬೇಸ್‌ಗಳು ಈ ಉದ್ರಿಯನ್ನು ನಂಬದೆ, ಮುಖ್ಯವಾದದ್ದನ್ನು ‘ಈಗಲೇ ಬರೆ’ ಎನ್ನುವ ಎಫ್‌ಸಿಂಕ್ ಕರೆದು ಆಗಿಂದಾಗಲೇ ಡಿಸ್ಕಿಗೆ ಮುಟ್ಟಿಸುತ್ತವೆ.

ಕ್ಯಾಶ್ ಮೆಮೊರಿ ‘ತಿನ್ನುತ್ತಿದೆ’ ಎಂದು ಗಂಟೆಗೊಮ್ಮೆ ಅದನ್ನು ಖಾಲಿ ಮಾಡಿಸುವವರೂ ಇದ್ದಾರೆ. ಅದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ದಿನವೂ ಅಂಗಡಿಗೆ ಹಿಂದಿರುಗಿಸಿ ಬಂದಂತೆ. ಬೇರೆ ಪ್ರೋಗ್ರಾಮಿಗೆ ಜಾಗ ಬೇಕಾದರೆ ಕರ್ನಲ್ ತಾನೇ ಬಿಟ್ಟುಕೊಡುತ್ತದೆ. ಮೆಮೊರಿಯ ಲೆಕ್ಕ ತೋರಿಸುವ ‘ಫ್ರೀ’ ಆಜ್ಞೆ ಕೊಟ್ಟಾಗ ನೋಡಬೇಕಾದದ್ದು ಹೀಗೆ ಬಿಟ್ಟುಕೊಡಬಹುದಾದ ಜಾಗವೂ ಸೇರಿದ ‘ಅವೈಲಬಲ್’ ಅಂಕಣವನ್ನು.

ನಾನಂತೂ ಈಗ ಮೆಮೊರಿಯ ವಿವರವಿರುವ ಪ್ರೊಕ್ ಮೆಮ್‌ಇನ್ಫೊ ಕಡತದಲ್ಲಿ ‘ಡರ್ಟಿ’ ಎಂಬ ಸಾಲು ಕರಗುವುದನ್ನು ನೋಡುತ್ತಾ ಕೂರುತ್ತೇನೆ. ದೀಪ ಆರಿದ ಮೇಲೆಯೇ ಪೆನ್‌ಡ್ರೈವಿಗೆ ಕೈ ಹಾಕುವುದು.